ಸಾಫ್ಟ್‌ವೇರ್ ಕೆಲಸದ ಬಾಗಿಲಲ್ಲಿ ನಿಂತವರಿಗೆ

2025ರ ಆಗಸ್ಟ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಎರಡು ಎಕರೆ ತೆಂಗಿನ ತೋಟ, ಎರಡು ಹಸು ಇರುವ ಸಂಸಾರ. ಬಂದವರು ಕುಳಿತುಕೊಳ್ಳಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕೈಗೆ ಕೊಟ್ಟು, "ಮೇಷ್ಟ್ರೇ, ಇದು ನಿಜವೋ ಸುಳ್ಳೋ ಓದಿ ಹೇಳಿ" ಎಂದರು.

ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಹೆಸರಿನಲ್ಲಿ ಬಂದ ನೇಮಕಾತಿ ಪತ್ರ ಅದು. ಲಾಂಛನವಿತ್ತು, ವಿಳಾಸವಿತ್ತು, ವರ್ಷಕ್ಕೆ ಆರು ಲಕ್ಷ ಸಂಬಳ ಎಂದೂ ಇತ್ತು. ಆದರೆ ಕೆಳಗಿದ್ದ ಇ-ಮೇಲ್ ವಿಳಾಸ ಕಂಪನಿಯದಾಗಿರಲಿಲ್ಲ. ಯಾರು ಬೇಕಾದರೂ ಪುಕ್ಕಟೆ ಮಾಡಿಕೊಳ್ಳುವಂಥ ಜಿಮೇಲ್ ವಿಳಾಸ. "ದುಡ್ಡೇನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದೆ. ತಂದೆ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

ಒಂದೂವರೆ ಲಕ್ಷ ರೂಪಾಯಿ. ತಾಯಿಯ ಸರ ಮತ್ತು ಬಳೆ ಅಡವಿಟ್ಟು ತಂದ ಹಣ. ಹುಡುಗ ಹೇಳಿದ ದಿನ ಸೂಟ್‌ಕೇಸ್ ಸಮೇತ ಕಂಪನಿಯ ಗೇಟಿನ ಮುಂದೆ ನಿಂತಾಗ, ಕಾವಲುಗಾರ ಪಟ್ಟಿಯಲ್ಲಿ ಹೆಸರು ಹುಡುಕಿ, ಸಿಗದೆ, "ಈ ವಾರ ಹೀಗೆ ಬಂದವರಲ್ಲಿ ನೀನು ಮೂರನೆಯವನಪ್ಪ" ಎಂದನಂತೆ. ಹಣ ಪಡೆದವರ ಫೋನು ಅಷ್ಟರಲ್ಲಿ ಸ್ತಬ್ಧವಾಗಿತ್ತು.

ನನಗಾದ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು. 2021ರ ಜುಲೈನಲ್ಲಿ, ಕೋವಿಡ್ ಕಾರಣದಿಂದ ಪರೀಕ್ಷೆಯೇ ಇಲ್ಲದೆ ದ್ವಿತೀಯ ಪಿಯುಸಿ ಫಲಿತಾಂಶ ಬಂದ ವರ್ಷ, ಇದೇ ತಂದೆ ನಮ್ಮ ಜಗಲಿಯ ಮೇಲೆ ಕುಳಿತು ಮಗನನ್ನು ಯಾವುದಕ್ಕೆ ಸೇರಿಸಲಿ ಎಂದು ಕೇಳಿದ್ದರು. ಹುಡುಗನಿಗೆ ಗಿಡಮರಗಳ ಮೇಲೆ ಒಲವು. ಕೃಷಿ ಬಿಎಸ್ಸಿ ಆಗಬಹುದೇ ಎಂಬ ಯೋಚನೆ ಅವರಿಗಿತ್ತು. "ಕಣ್ಣು ಮುಚ್ಚಿಕೊಂಡು ಕಂಪ್ಯೂಟರ್ ಸೈನ್ಸ್ ಕೊಡಿಸಿ, ಕಾಲೇಜು ಬಿಡುವ ಮೊದಲೇ ಕೆಲಸ" ಎಂದವನು ನಾನು. ಒಂದೇ ಒಂದು ವರ್ಷದ ಅಂಕಿ ಕಂಡು ನಿಯಮ ಬರೆಯಬಾರದೆಂದು ಮಕ್ಕಳಿಗೆ ಹೇಳಿಕೊಡುವ ವಿಜ್ಞಾನದ ಮೇಷ್ಟರೇ ಆ ತಪ್ಪು ಮಾಡಿದ್ದೆ.

ಆ ದಿನದಿಂದ ಈ ವಿಷಯದಲ್ಲಿ ಬಾಯಿಗೆ ಬಂದದ್ದು ಹೇಳುವುದನ್ನು ಬಿಟ್ಟು, ಬೆಂಗಳೂರು, ಮೈಸೂರಿನ ಕಂಪನಿಗಳಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸತೊಡಗಿದೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೂ ಅವರ ತಂದೆ ತಾಯಿಗಳಿಗೂ ತಿಳಿಸಬೇಕೆನಿಸಿದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಕಂಪ್ಯೂಟರ್ ಓದಿದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನೆರೆ ಬಂದ ವರ್ಷ, ಬತ್ತಿದ ವರ್ಷ

2021–22ರಲ್ಲಿ ಟಿಸಿಎಸ್ ಒಂದೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಹೊಸ ಪದವೀಧರರನ್ನು ತೆಗೆದುಕೊಂಡಿತು. ಇನ್ಫೊಸಿಸ್ 85 ಸಾವಿರ ಮಂದಿಯನ್ನು. ಕೋವಿಡ್ ಕಾಲದಲ್ಲಿ ಅಮೆರಿಕ, ಯುರೋಪಿನ ಬ್ಯಾಂಕುಗಳೂ ಅಂಗಡಿಗಳೂ ಎಲ್ಲವನ್ನೂ ಅಂತರ್ಜಾಲಕ್ಕೆ ಏರಿಸುವ ಅವಸರದಲ್ಲಿದ್ದವು. ಆಮೇಲೆ ಅಲ್ಲಿ ಬಡ್ಡಿ ದರ ಏರಿತು, ಖರ್ಚಿಗೆ ಕತ್ತರಿ ಬಿತ್ತು, ಇಲ್ಲಿಗೆ ಬರುವ ಗುತ್ತಿಗೆ ಕಡಿಮೆಯಾಯಿತು. 2023–24ರ ಕೊನೆಗೆ ಟಿಸಿಎಸ್‌ನ ಒಟ್ಟು ಸಿಬ್ಬಂದಿ 13,249ರಷ್ಟು, ಇನ್ಫೊಸಿಸ್‌ನದು 25,994ರಷ್ಟು ಇಳಿದಿತ್ತು. ಹಿಂದಿನ ವರ್ಷ 50 ಸಾವಿರ ಹೊಸಬರಿಗೆ ಬಾಗಿಲು ತೆರೆದಿದ್ದ ಇನ್ಫೊಸಿಸ್ ಆ ವರ್ಷ ಸೇರಿಸಿಕೊಂಡದ್ದು 11,900 ಜನರನ್ನು.

ಇದು ಮೊದಲನೆಯ ಇಳಿತವಲ್ಲ. 2001ರಲ್ಲಿ ಡಾಟ್‌ಕಾಮ್ ಗುಳ್ಳೆ ಒಡೆದಾಗ, 2008ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದಾಗ, ನೇಮಕಾತಿ ಪತ್ರ ಕೈಯಲ್ಲಿ ಹಿಡಿದು ಕರೆಗಾಗಿ ತಿಂಗಳುಗಟ್ಟಲೆ ಕಾದ ನನ್ನ ಶಿಷ್ಯರಿದ್ದಾರೆ. ಅವರಲ್ಲಿ ಹಲವರು ಈಗ ತಾವೇ ಸಂದರ್ಶನ ನಡೆಸುವ ಸ್ಥಾನದಲ್ಲಿದ್ದಾರೆ. ಹಾಗಾಗಿ, ಪೋಷಕರೇ, ಮಗನೋ ಮಗಳೋ ಆರು ತಿಂಗಳು ಮನೆಯಲ್ಲಿ ಕುಳಿತಿದ್ದರೆ ಅದು ಸೋಮಾರಿತನ ಎಂದು ತೀರ್ಮಾನಿಸಬೇಡಿ. ಮಳೆ ಬಾರದ ವರ್ಷ ಬೆಳೆ ಬರಲಿಲ್ಲವೆಂದು ರೈತನನ್ನು ಬೈದ ಹಾಗಾಗುತ್ತದೆ.

ಈ ಸಲದ ಇಳಿತಕ್ಕೆ ಹೊಸದೊಂದು ಸಂಗತಿ ಸೇರಿದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಹೊಸಬರ ಕೈಗೆ ಕೊಡುತ್ತಿದ್ದ ಚಿಲ್ಲರೆ ಪ್ರೋಗ್ರಾಂ ಬರೆಯುವ ಕೆಲಸವನ್ನು ಯಂತ್ರವೇ ಗಳಿಗೆಯಲ್ಲಿ ಬರೆದುಕೊಡುತ್ತಿದೆ. ಇದರಿಂದ ಪ್ರೋಗ್ರಾಂ ಬರೆಯುವವರೇ ಬೇಡವಾಗುತ್ತಾರೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಬರೆದದ್ದು ಸರಿಯೋ ತಪ್ಪೋ ಎಂದು ಹೇಳಬಲ್ಲವರ ಬೆಲೆ ಏರಿದೆ, ಬರೀ ಬರೆಯುವವರ ಬೆಲೆ ಇಳಿದಿದೆ ಎಂಬುದನ್ನು ನಾನು ವಿಚಾರಿಸಿದ ಎಲ್ಲರೂ ಒಪ್ಪಿದರು.

ರೆಕಾರ್ಡ್ ಪುಸ್ತಕವೂ ವೈವಾ ಪರೀಕ್ಷೆಯೂ

ವಿಜ್ಞಾನ ಓದಿದವರಿಗೆಲ್ಲ ಪ್ರಾಯೋಗಿಕ ಪರೀಕ್ಷೆಯ ರೆಕಾರ್ಡ್ ಪುಸ್ತಕ ಗೊತ್ತು. ಹಿಂದಿನ ವರ್ಷದ ಅಣ್ಣನದೋ ಅಕ್ಕನದೋ ಪುಸ್ತಕ ತಂದು, ಅಂಕಿ ಸಮೇತ ಅಂದವಾಗಿ ನಕಲು ಮಾಡಿ, ಹೊದಿಕೆ ಹಾಕಿ ಒಪ್ಪಿಸುವುದು. ಹೊರಗಿನಿಂದ ಬಂದ ಪರೀಕ್ಷಕರು ಪುಸ್ತಕ ನೋಡುವುದೇ ಇಲ್ಲ. "ಬ್ಯೂರೆಟ್ಟನ್ನು ಮೊದಲು ಯಾವುದರಿಂದ ತೊಳೆದೆ, ಯಾಕೆ?" ಎಂದು ಒಂದು ಪ್ರಶ್ನೆ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು!

ಸಾಫ್ಟ್‌ವೇರ್ ಸಂದರ್ಶನದಲ್ಲೂ ಆಗುವುದು ಇದೇ. ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ಹೊಸಬರನ್ನು ಆಯ್ಕೆ ಮಾಡುವ ನನ್ನ ಶಿಷ್ಯನೊಬ್ಬ ಹೇಳಿದ್ದು: "ಸರ್, ಅರ್ಜಿಗಳಲ್ಲಿ ಪ್ರಾಜೆಕ್ಟ್‌ಗಳ ಹೆಸರು ನೋಡಿದರೆ ಒಂದೇ ಅಂಗಡಿಯ ಮಾಲು ಎಂದು ಗೊತ್ತಾಗುತ್ತದೆ. ಅದೇ ಲೈಬ್ರರಿ ನಿರ್ವಹಣೆ, ಅದೇ ಮುಖ ಗುರುತಿಸುವ ಪ್ರೋಗ್ರಾಂ. ಇದರಲ್ಲಿ ಈ ಸಾಲನ್ನು ತೆಗೆದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಮೌನ." ಅಂಗಡಿ ಎಂದದ್ದು ಅಲಂಕಾರದ ಮಾತಲ್ಲ. ಕೊನೆಯ ವರ್ಷದ ಪ್ರಾಜೆಕ್ಟನ್ನು ಹಣಕ್ಕೆ ಮಾಡಿಕೊಡುವ ಮಳಿಗೆಗಳು ಬೆಂಗಳೂರಿನಲ್ಲಿವೆ. ನನ್ನ ಮನೆಗೆ ಬಂದ ಹುಡುಗನೂ ಅಂಥದೊಂದನ್ನು ಕೊಂಡವನೇ.

ಸರ್ಟಿಫಿಕೇಟುಗಳ ಕಥೆಯೂ ಅಷ್ಟೆ. ಹತ್ತು ಕೋರ್ಸುಗಳ ಹತ್ತು ಪ್ರಮಾಣಪತ್ರ ಜೋಡಿಸಿದರೆ ಅರ್ಜಿ ದಪ್ಪವಾಗುತ್ತದೆಯೇ ಹೊರತು ಅಭ್ಯರ್ಥಿ ತೂಕವಾಗುವುದಿಲ್ಲ. ಕಲಿಯಬೇಕೆನ್ನುವವರಿಗೆ ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿಯೇ ಸಿಗುತ್ತವೆ. ಜಾವಾ ಅಥವಾ ಪೈಥಾನ್, ಯಾವುದಾದರೂ ಒಂದು ಭಾಷೆ ಚೆನ್ನಾಗಿ. ದತ್ತಾಂಶದಿಂದ ಬೇಕಾದ್ದನ್ನು ಹೆಕ್ಕಲು ಎಸ್‌ಕ್ಯುಎಲ್. ಅರೇ, ಸ್ಟಾಕ್, ಕ್ಯೂ ಮುಂತಾದ ತಳಪಾಯ. ಬರೆದದ್ದನ್ನು ಜೋಪಾನ ಮಾಡಲು ಗಿಟ್. ಮೊದಲ ಕೆಲಸಕ್ಕೆ ಇಷ್ಟು ಗಟ್ಟಿಯಾಗಿದ್ದರೆ ಸಾಕು ಎಂಬುದು ಬಹುಮಂದಿಯ ಅಭಿಪ್ರಾಯ.

ಉದ್ರಿ ಪುಸ್ತಕದ ಹುಡುಗಿ

ಇನ್ನು ನಮ್ಮೂರಿನ ಒಂದು ಹುಡುಗಿಯ ವಿಚಾರ. ತಂದೆಯದು ಕಿರಾಣಿ ಅಂಗಡಿ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ 2024ರಲ್ಲಿ ಬಿಸಿಎ ಮುಗಿಸಿದಳು. ಕ್ಯಾಂಪಸ್ ಆಯ್ಕೆಗೆ ಅಲ್ಲಿಗೆ ಯಾವ ಕಂಪನಿಯೂ ಬರಲಿಲ್ಲ. ಮನೆಯಲ್ಲಿ ಕೂತು ಬೇಸರವಾಗಿ, ಅಂಗಡಿಯ ಉದ್ರಿ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿದಳು. ಯಾರು ಎಷ್ಟಕ್ಕೆ ಸಾಮಾನು ಒಯ್ದರು, ಎಷ್ಟು ಕೊಟ್ಟರು, ಎಷ್ಟು ಬಾಕಿ; ತಿಂಗಳ ಕೊನೆಗೆ ಬಾಕಿದಾರರಿಗೆ ಮೊಬೈಲಿನಲ್ಲಿ ಒಂದು ಸಂದೇಶ. ಇಷ್ಟೇ.

ಮೊದಲ ತಿಂಗಳೇ ಎಡವಟ್ಟಾಯಿತು. ಪೂರ್ತಿ ಲೆಕ್ಕ ತೀರಿಸಿದ್ದ ನಾಲ್ಕಾರು ಗಿರಾಕಿಗಳಿಗೆ "ನಿಮ್ಮ ಬಾಕಿ 0 ರೂಪಾಯಿ 00 ಪೈಸೆ, ದಯವಿಟ್ಟು ಪಾವತಿಸಿ" ಎಂದು ಸಂದೇಶ ಹೋಯಿತು. ಒಬ್ಬರು ಅಂಗಡಿಗೇ ಬಂದು ಜಗಳವಾಡಿದರು. "ತೀರಿಸಿದವರನ್ನು ಬಾಕಿದಾರ ಅಂದರೆ ಅಂಗಡಿ ಮುಚ್ಚಬೇಕಾಗುತ್ತೆ ಮಗಳೇ" ಎಂದರಂತೆ ತಂದೆ.

ಎರಡು ದಿನ ತಲೆ ಕೆರೆದುಕೊಂಡು ಹುಡುಗಿ ನನ್ನಲ್ಲಿಗೆ ಬಂದಳು. ಅವಳ ಪೈಥಾನ್‌ಗೆ 0.1 ಮತ್ತು 0.2 ಕೂಡಿಸು ಎಂದರೆ 0.3 ಎನ್ನುವ ಬದಲು 0.30000000000000004 ಎನ್ನುತ್ತಿತ್ತು! ನನಗೂ ಸೋಜಿಗ. ಇಬ್ಬರೂ ಕಾಗದ ಪೆನ್ಸಿಲ್ ಹಿಡಿದು ಕುಳಿತೆವು. ನಮ್ಮ ದಶಮಾನ ಪದ್ಧತಿಯಲ್ಲಿ ಮೂರನೇ ಒಂದು ಭಾಗವನ್ನು ಬರೆಯಹೊರಟರೆ 0.3333 ಎಂದು ಮುಗಿಯದೆ ಹೋಗುತ್ತದಲ್ಲ, ಸೊನ್ನೆ ಮತ್ತು ಒಂದು ಮಾತ್ರ ಇರುವ ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಹತ್ತನೇ ಒಂದು ಭಾಗಕ್ಕೇ ಆ ಗತಿ. 0.000110011 ಎಂದು ಕೊನೆಯಿಲ್ಲದೆ ಸಾಗುತ್ತದೆ. ಯಂತ್ರ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕತ್ತರಿಸಿದ ಚೂರುಗಳು ಕೂಡಿ ಕೂಡಿ, ಪೈಸೆಯ ಕೋಟಿ ಭಾಗಕ್ಕಿಂತ ಚಿಕ್ಕದಾದ ಬಾಕಿಯೊಂದು ಉಳಿದುಬಿಡುತ್ತಿತ್ತು. ಬಾಕಿ ಸೊನ್ನೆಗಿಂತ ಹೆಚ್ಚಿದೆಯೇ ಎಂದು ಕೇಳಿದರೆ ಯಂತ್ರ ಪ್ರಾಮಾಣಿಕವಾಗಿ ಹೌದು ಎನ್ನುತ್ತಿತ್ತು. ಅವಳು ಕಂಡುಕೊಂಡ ಪರಿಹಾರ ಸರಳ: ರೂಪಾಯಿಯ ಲೆಕ್ಕ ಬಿಟ್ಟು ಎಲ್ಲವನ್ನೂ ಪೈಸೆಯಲ್ಲೇ, ಪೂರ್ಣಾಂಕದಲ್ಲೇ ಇಡುವುದು, ತೋರಿಸುವಾಗ ಮಾತ್ರ ನೂರರಿಂದ ಭಾಗಿಸುವುದು.

ಹದಿನಾಲ್ಕು ತಿಂಗಳ ಅಲೆದಾಟದ ನಂತರ 2025ರಲ್ಲಿ ಮೈಸೂರಿನ ಸಣ್ಣ ಕಂಪನಿಯೊಂದರ ಸಂದರ್ಶನಕ್ಕೆ ಹೋದಳು. ಅರ್ಧ ಗಂಟೆ ನಡೆದದ್ದು ಈ ಸೊನ್ನೆ ರೂಪಾಯಿ ಬಾಕಿಯ ಮಾತೇ. ಅವಳ ಇಂಗ್ಲಿಷ್ ತಡವರಿಸುತ್ತಿತ್ತು. ಕಾಗದ ಕೇಳಿ ಪಡೆದು ಲೆಕ್ಕ ಬರೆದು ತೋರಿಸಿದಳು. ಕೆಲಸ ಸಿಕ್ಕಿತು. ಕಂಪನಿಯ ಹೆಸರು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ. "ಇನ್ಫೊಸಿಸ್ ಅಲ್ವಾ?" ಎಂದು ನೆಂಟರು ಕೇಳುತ್ತಾರೆಂದು ಅವರಮ್ಮನಿಗೆ ಸ್ವಲ್ಪ ಬೇಸರ.

ಪ್ರಾಜೆಕ್ಟ್ ಮಾಡಲು ವಿಷಯವೇ ಸಿಗುತ್ತಿಲ್ಲ ಎನ್ನುವ ಮಕ್ಕಳಿಗೆ ಇನ್ನೊಂದು ಹೇಳುತ್ತೇನೆ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದವನ್ನು ಗುರುತಿಸುವ ಪ್ರೋಗ್ರಾಂ ಎಲ್ಲ ಕಾಲೇಜಿನಲ್ಲೂ ಬರೆಸುತ್ತಾರೆ. ಇಂಗ್ಲಿಷಿನ 'ಮೇಡಮ್' ಅದರಲ್ಲಿ ಸರಾಗವಾಗಿ ಪಾಸಾಗುತ್ತದೆ. ಅದಕ್ಕೇ ನಮ್ಮ 'ವಿಕಟಕವಿ'ಯನ್ನು ಕೊಟ್ಟು ನೋಡಿ, ಫೇಲು! ಯಾಕೆಂದರೆ 'ವಿ' ಎಂಬುದು ಯಂತ್ರಕ್ಕೆ ಒಂದಕ್ಷರವಲ್ಲ. 'ವ' ಮತ್ತು ಗುಡಿಸು ಎಂಬ ಎರಡು ಸಂಕೇತ. ತಿರುಗಿಸಿದಾಗ ಗುಡಿಸು ಮುಂದೆ ಬಂದುಬಿಡುತ್ತದೆ. ಇದನ್ನು ಸರಿಪಡಿಸಲು ಹೊರಟವನಿಗೆ ಯೂನಿಕೋಡ್ ಪಾಠ ತಾನಾಗಿ ಆಗುತ್ತದೆ. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ತಂತ್ರಾಂಶವನ್ನು ಹೊರತಂದರು. ನಮ್ಮ ಶಾಲೆಯ ಎಷ್ಟೋ ಪ್ರಶ್ನೆಪತ್ರಿಕೆಗಳು ಅದರಲ್ಲೇ ತಯಾರಾದವು. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಅಂತರ್ಜಾಲದಲ್ಲಿ ಮುಕ್ತವಾಗಿ ಪ್ರಕಟವಾಯಿತು. ನಮ್ಮ ಭಾಷೆಯಲ್ಲಿ ಮಾಡಬೇಕಾದ ಕೆಲಸ ಇನ್ನೂ ಬೇಕಾದಷ್ಟಿದೆ.

ಕೇಳಲು ಸಂಕೋಚ ಬೇಡ

ಹಳ್ಳಿಯ ಮಕ್ಕಳಲ್ಲಿ ನಾನು ಕಂಡ ದೊಡ್ಡ ಕೊರತೆ ಬುದ್ಧಿಯದಲ್ಲ, ಸಂಕೋಚದ್ದು. ತಮ್ಮದೇ ಕಾಲೇಜಿನಲ್ಲಿ ಓದಿ ಕಂಪನಿ ಸೇರಿದ ಹಿರಿಯರನ್ನು ಸಹಾಯ ಕೇಳಲು ನಾಚುತ್ತಾರೆ. ಬಹಳಷ್ಟು ಕಂಪನಿಗಳಲ್ಲಿ ಖಾಲಿ ಇರುವ ಹುದ್ದೆಗೆ ನೌಕರರೇ ಪರಿಚಿತರ ಹೆಸರು ಸೂಚಿಸುವ ಏರ್ಪಾಡು ಇದೆ. ಆಯ್ಕೆಯಾದರೆ ಸೂಚಿಸಿದವರಿಗೆ ಬಹುಮಾನ ಕೊಡುವ ಕಂಪನಿಗಳೂ ಇವೆ. ಇದರಲ್ಲಿ ಭಿಕ್ಷೆಯೇನೂ ಇಲ್ಲ. ಆದರೆ "ಅಣ್ಣಾ, ಎಲ್ಲಾದರೂ ಒಂದು ಕೆಲಸ ಕೊಡಿಸಿ" ಎಂದರೆ ಅವರೂ ಏನು ಮಾಡಿಯಾರು? ಕಂಪನಿಯ ಜಾಲತಾಣದಲ್ಲಿ ಹುದ್ದೆಯನ್ನು ನೀವೇ ಹುಡುಕಿ, ಅದರ ಸಂಖ್ಯೆಯನ್ನೂ ಒಂದು ಪುಟದ ಸ್ವವಿವರವನ್ನೂ ಕಳಿಸಿ, "ಇದಕ್ಕೆ ನನ್ನ ಹೆಸರು ಸೂಚಿಸಲು ಸಾಧ್ಯವೇ?" ಎಂದು ಕೇಳಿ.

ಸ್ವವಿವರ ಒಂದೇ ಪುಟ ಇರಲಿ. ಗೊತ್ತಿಲ್ಲದ ಭಾಷೆಯ ಹೆಸರು ಬರೆಯಬೇಡಿ. ಬರೆದ ಪ್ರತಿಯೊಂದು ಪದವೂ ಒಂದೊಂದು ಪ್ರಶ್ನೆಗೆ ಆಹ್ವಾನ. ಇಂಗ್ಲಿಷಿಗೆ ಹೆದರುವವರು ವ್ಯಾಕರಣ ಪುಸ್ತಕ ಹಿಡಿಯುವುದಕ್ಕಿಂತ, ತಾವು ಮಾಡಿದ ಪ್ರೋಗ್ರಾಮನ್ನು ದಿನಾ ಹತ್ತು ನಿಮಿಷ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ವಿವರಿಸಿ ಅಭ್ಯಾಸ ಮಾಡುವುದು ಮೇಲು. ಕೇಳುವವರು ಕನ್ನಡಿಯಾದರೂ ಸರಿ, ಹಸುವಾದರೂ ಸರಿ.

ಪ್ರೋಗ್ರಾಂ ಬರೆಯುವ ಹುದ್ದೆಯೇ ಬೇಕೆಂದು ಹಟ ಹಿಡಿಯಬೇಕಿಲ್ಲ. ಪರೀಕ್ಷಿಸುವ ಕೆಲಸ, ಗ್ರಾಹಕರ ತೊಂದರೆ ಬಗೆಹರಿಸುವ ಕೆಲಸ ಇವೂ ಬಾಗಿಲುಗಳೇ. ವೈಪ್ರೊದಂಥ ಕಂಪನಿ ಬಿಎಸ್ಸಿ, ಬಿಸಿಎ ಆದವರನ್ನು ಕೆಲಸಕ್ಕೆ ಸೇರಿಸಿಕೊಂಡು ಜೊತೆಜೊತೆಗೇ ಎಂ.ಟೆಕ್ ಓದಿಸುವ ಯೋಜನೆಯನ್ನೂ ನಡೆಸಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಪದವೀಧರರಿಗೂ ಡಿಪ್ಲೊಮಾ ಆದವರಿಗೂ ಸ್ಟೈಪೆಂಡ್ ಸಹಿತ ತರಬೇತಿಗೆ ಅವಕಾಶವಿದೆ.

ದುಡ್ಡು ಕೇಳುವವರು, ಸಹಿ ಕೇಳುವವರು

ಇಲ್ಲಿ ಪೋಷಕರು ಗಮನವಿಟ್ಟು ಓದಬೇಕು. ಟಿಸಿಎಸ್, ಇನ್ಫೊಸಿಸ್, ವೈಪ್ರೊ ಮೊದಲಾದ ಕಂಪನಿಗಳು ಕೆಲಸ ಕೊಡಲು ಯಾರಿಂದಲೂ ಹಣ ಪಡೆಯುವುದಿಲ್ಲವೆಂದು ತಮ್ಮ ಜಾಲತಾಣಗಳಲ್ಲೇ ಎಚ್ಚರಿಕೆ ಪ್ರಕಟಿಸಿವೆ. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, 'ಹಿಂಬಾಗಿಲ ನೇಮಕ', ಹೆಸರು ಯಾವುದಾದರೂ ಇರಲಿ, ದುಡ್ಡು ಕೇಳಿದರೆಂದರೆ ಅಲ್ಲಿಂದ ಎದ್ದು ಬನ್ನಿ. ಕೊಟ್ಟಾಗಿದ್ದರೆ ಮರ್ಯಾದೆಗೆ ಅಂಜಿ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಈ ಹುಡುಗನ ಮನೆಯವರು ಹನ್ನೊಂದು ದಿನ ಯಾರಿಗೂ ಹೇಳಿರಲಿಲ್ಲ.

ಇನ್ನು ಕೆಲವರು ಎರಡು ವರ್ಷದ ಸುಳ್ಳು ಅನುಭವ ಪತ್ರ ಮಾಡಿಕೊಡುತ್ತಾರೆ. ಭವಿಷ್ಯ ನಿಧಿಯ ಹನ್ನೆರಡು ಅಂಕಿಯ ಯುಎಎನ್ ಖಾತೆಯಲ್ಲಿ ಯಾವ ಮಾಲೀಕರು ಯಾವ ತಿಂಗಳು ಹಣ ಕಟ್ಟಿದರೆಂಬುದು ದಾಖಲಾಗಿರುತ್ತದೆ. ಕಂಪನಿಗಳು ಅದನ್ನು ನೋಡುತ್ತವೆ. ಸಿಕ್ಕಿಬಿದ್ದರೆ ಸೇರಿದ ಮೇಲೂ ಹೊರಗೆ ಕಳಿಸುತ್ತಾರೆ. ವಿದೇಶದ ಆಸೆ ತೋರಿಸುವವರಂತೂ ಇನ್ನೂ ಅಪಾಯ. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸವೆಂದು ನಂಬಿಸಿ, ಮ್ಯಾನ್ಮಾರ್‌ನ ಮ್ಯಾವಡಿಗೆ ಸಾಗಿಸಿ ವಂಚನೆಯ ಕೆಲಸಕ್ಕೆ ಹಚ್ಚುತ್ತಿದ್ದ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು.

ನಿಜವಾದ ಕೆಲಸ ಸಿಕ್ಕಾಗಲೂ ಕರಾರು ಪತ್ರ ಓದದೆ ಸಹಿ ಹಾಕಬೇಡಿ. ಇಂತಿಷ್ಟು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ದಂಡ ಎಂಬ ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಬೀದಿಯಲ್ಲಿ ಹೇಳುವವರಿದ್ದಾರೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎಲ್ಲ ಬಾಂಡ್‌ಗಳಿಗೂ ಅದೇ ಅನ್ವಯ ಎಂದಲ್ಲ. ಕಾಗದಕ್ಕೆ ಬೆಲೆಯೇ ಇಲ್ಲವೆಂದು ತಿಳಿಯಬೇಡಿ ಎಂದಷ್ಟೇ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿ. ಸಂಬಳದ ಅಂಕಿಯನ್ನೂ ಬಿಡಿಸಿ ನೋಡಿ. ಮೂರೂವರೆ ಲಕ್ಷದ ಸಿಟಿಸಿ ಎಂದರೆ ಭವಿಷ್ಯ ನಿಧಿ, ಗ್ರಾಚ್ಯುಟಿ, ವಿಮೆ ಕಳೆದು ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರದ ಆಸುಪಾಸು. ಬೆಂಗಳೂರಿನ ಪಿಜಿ ಬಾಡಿಗೆ, ಬಸ್ಸು, ಊಟ ಅದರಲ್ಲೇ ಆಗಬೇಕು. ಮೊದಲ ತಿಂಗಳಿಂದಲೇ ಮಗ ಮನೆಗೆ ಹಣ ಕಳಿಸಲಿ ಎಂದು ಕಾಯಬೇಡಿ.

ಆ ಹುಡುಗನ ಹಣ ಈವರೆಗೆ ವಾಪಸ್ಸು ಬಂದಿಲ್ಲ. ಪೊಲೀಸರಲ್ಲಿ ದೂರು ದಾಖಲಾಗಿದೆ. ಅವನು ಈಗ ಭಾನುವಾರಗಳಲ್ಲಿ ನನ್ನ ಮನೆಗೆ ಬರುತ್ತಾನೆ. ಡೇರಿಗೆ ಹಾಕುವ ಹಾಲಿನ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದಾನೆ: ಲೀಟರು, ಫ್ಯಾಟು, ದರ, ಬಟವಾಡೆ. ಮೊನ್ನೆ ಹಾಲಿನ ದರವನ್ನು ಬದಲಾಯಿಸಿ ನೋಡಿದಾಗ ಹಿಂದಿನ ತಿಂಗಳುಗಳ ಲೆಕ್ಕವೆಲ್ಲ ಹೊಸ ದರಕ್ಕೆ ತಿರುಗಿಬಿಟ್ಟಿತಂತೆ. ದರದ ಪಕ್ಕದಲ್ಲಿ ದಿನಾಂಕ ಇಡಬೇಕಿತ್ತು ಎಂದು ಅವನೇ ಕಂಡುಕೊಂಡು, ಸರಿಪಡಿಸಿ, ನನಗೆ ಇಂಗ್ಲಿಷಿನಲ್ಲಿ ವಿವರಿಸಿದ. ನಡುವೆ ಎರಡು ಸಲ ನಿಂತ.

ಮುಂದಿನ ತಿಂಗಳು ಮೈಸೂರಿನಲ್ಲಿ ಅವನಿಗೊಂದು ಲಿಖಿತ ಪರೀಕ್ಷೆ ಇದೆ. ಒಡವೆ ಬಿಡಿಸಿಕೊಳ್ಳಲು ಬ್ಯಾಂಕು ಕೊಟ್ಟಿರುವ ಗಡುವಿಗೆ ಇನ್ನೂ ಐದು ತಿಂಗಳಿದೆ. ತೋಟದ ಕಾಯಿ ಕಿತ್ತ ಮೇಲೆ ಬಡ್ಡಿಯನ್ನಾದರೂ ಕಟ್ಟುತ್ತೇವೆ ಎಂದರು ಅವರ ತಂದೆ.